ತಪ್ಪು ರಾಸಾಯನಿಕದ್ದೋ, ಗಾಳಿ ಸೋಕಿ ಹುಟ್ಟಿದ ಕಲ್ಮಶದ್ದೋ?

ಮಾನಸಗಂಗೆ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ವಿಷವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕೂದಲ ಬಣ್ಣಗಳಲ್ಲಿ ಬಳಸುವ ಪ್ಯಾರಾ-ಫಿನೈಲೀನ್‌ಡೈಅಮೀನ್, ಅಂದರೆ ಎಲ್ಲರೂ ಪಿಪಿಡಿ ಎಂದು ಕರೆಯುವ ವಸ್ತುವಿನ ಬಗ್ಗೆ ಹಳೆಯ ಪ್ರಬಂಧಗಳನ್ನು ಓದುತ್ತಿದ್ದೇನೆ. ಒಂದು ಪ್ರಬಂಧ ಅದನ್ನು ಉತ್ಪರಿವರ್ತಕ, ಅಂದರೆ ಡಿಎನ್‌ಎಯನ್ನು ಬದಲಿಸುವ ವಸ್ತು, ಎನ್ನುತ್ತದೆ, ಇನ್ನೊಂದು ಅಲ್ಲ ಎನ್ನುತ್ತದೆ. ಇಬ್ಬರೂ ಮಾಡಿರುವುದು ಏಮ್ಸ್ ಪರೀಕ್ಷೆಯೇ, ಬಳಸಿರುವುದು ಟಿಎ98 ಎಂಬ ಬ್ಯಾಕ್ಟೀರಿಯಾ ತಳಿಯನ್ನೇ, ಬೆರೆಸಿರುವುದು ಇಲಿಯ ಯಕೃತ್ತಿನಿಂದ ತೆಗೆದ, ಕಿಣ್ವಗಳಿರುವ ಎಸ್9 ಸಾರವನ್ನೇ.

ಈ ಕ್ಷೇತ್ರದವರಲ್ಲದ ಓದುಗರಿಗಾಗಿ ಒಂದು ಮಾತು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹಿಸ್ಟಿಡಿನ್ ತೀರಾ ಕಡಿಮೆ ಇರುವ ತಟ್ಟೆಯ ಮೇಲೆ ಹರಡಿದರೆ ಬಹುತೇಕ ಏನೂ ಬೆಳೆಯುವುದಿಲ್ಲ. ಜೊತೆಗೆ ಹಾಕಿದ ರಾಸಾಯನಿಕವು ಡಿಎನ್‌ಎಯನ್ನು ಬದಲಿಸಿ ಆ ಸಾಮರ್ಥ್ಯವನ್ನು ಮರಳಿಸಿದರೆ ಕಾಲೊನಿಗಳು ಏಳುತ್ತವೆ, ಅವುಗಳನ್ನು ಎಣಿಸುತ್ತೇವೆ. ಬ್ರೂಸ್ ಏಮ್ಸ್ ಅವರ ತಂಡ 1970ರ ದಶಕದಲ್ಲಿ ರೂಪಿಸಿದ ಪರೀಕ್ಷೆ ಇದು.

ನನ್ನ ಗೈಡ್‌ಗೆ ಈ ಗೊಂದಲ ಹೇಳಿಕೊಂಡಾಗ, “ಫಲಿತಾಂಶದ ಕೋಷ್ಟಕ ಆಮೇಲೆ ನೋಡು, ಮೊದಲು ಯಾರು ಯಾವಾಗ ಕರಗಿಸಿದರು ಎಂದು ನೋಡು” ಎಂದರು. ಗಾಳಿಯ ಆಮ್ಲಜನಕದಿಂದ ಹುಟ್ಟಿದ ಕಲ್ಮಶವೇ ಇಂಥ ವ್ಯತ್ಯಾಸಕ್ಕೆ ಕಾರಣವಾಗಬಲ್ಲದೇ? ಹಾಗೆಂದು ಸ್ಪಷ್ಟವಾಗಿ ತಿಳಿದುಬಂದ ಪ್ರಕರಣಗಳಿದ್ದರೆ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಸಾಧನಕೇರಿ:

ಮಾನಸಗಂಗೆಯವರೇ, ನಿಮ್ಮ ಗೈಡ್ ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾರೆ. ಪಿಪಿಡಿ ಉತ್ಪರಿವರ್ತಕವೇ ಎಂದು ಕೇಳುವ ಮೊದಲು, ತಟ್ಟೆಗೆ ಬಿದ್ದದ್ದು ಪಿಪಿಡಿಯೇ ಎಂದು ಕೇಳಬೇಕು.

ಶುದ್ಧ ಪಿಪಿಡಿ ಬಿಳಿಯ ಹರಳು. ಬಾಟಲಿಯನ್ನು ತೆರೆದು ಮುಚ್ಚುತ್ತ ಹೋದಂತೆ ಮೇಲಿನ ಪದರ ಮೊದಲು ನಸುನೇರಳೆಯಾಗಿ, ಆಮೇಲೆ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಹಳೆಯ ಬಾಟಲಿಯನ್ನು ಬೆಳಕಿಗೆ ಹಿಡಿದರೆ ತಳದ ಹರಳು ಇನ್ನೂ ತಿಳಿಯಾಗಿದ್ದು ಬಾಯಿಯ ಬಳಿಯದು ಮಾತ್ರ ಕಪ್ಪಗಿರುವುದನ್ನು ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಎಷ್ಟೋ ಸಲ ವಿದ್ಯಾರ್ಥಿಗಳಿಗೆ ತೋರಿಸಿದ್ದೇನೆ. ಮೇಲಿನಿಂದ ಒಂದು ಚಮಚ ತೆಗೆದವನಿಗೂ ತಳದಿಂದ ತೆಗೆದವನಿಗೂ ಲೇಬಲ್ ಒಂದೇ, ವಸ್ತು ಮಾತ್ರ ಒಂದೇ ಅಲ್ಲ.

ಒಳಗೆ ನಡೆಯುವುದು ಇಷ್ಟು. ಪಿಪಿಡಿ ಎರಡು ಎಲೆಕ್ಟ್ರಾನ್‌ಗಳನ್ನೂ ಎರಡು ಪ್ರೋಟಾನ್‌ಗಳನ್ನೂ ಕಳೆದುಕೊಂಡು ಕ್ವಿನೋನ್‌ಡೈಇಮೀನ್ ಎಂಬ ಅತಿ ಚುರುಕಿನ ಅಣುವಾಗುತ್ತದೆ. ಅದು ಸುಮ್ಮನೆ ಕೂರದೆ ಪಕ್ಕದ ಪಿಪಿಡಿ ಅಣುಗಳ ಜೊತೆ ಕೂಡಿಕೊಂಡು ಮೂರು ಅಣುಗಳ ಒಂದು ಸಂಯುಕ್ತವನ್ನು ಕಟ್ಟುತ್ತದೆ. ಇದನ್ನು ಮೊದಲು ವರ್ಣಿಸಿದ ಪೋಲಿಷ್ ರಸಾಯನತಜ್ಞನ ಹೆಸರಿನಿಂದ ಬಾಂದ್ರೋವ್‌ಸ್ಕಿ ಬೇಸ್ ಎಂದು ಕರೆಯುತ್ತಾರೆ. ಈ ಸಂಯುಕ್ತ ಎಸ್9 ಜೊತೆಗೆ ಟಿಎ98 ತಳಿಯಲ್ಲಿ ಉತ್ಪರಿವರ್ತಕ.

1975ರಲ್ಲಿ ಏಮ್ಸ್ ಮತ್ತು ಸಂಗಡಿಗರು ಮಾರುಕಟ್ಟೆಯಲ್ಲಿದ್ದ 169 ಕೂದಲ ಬಣ್ಣಗಳನ್ನು ಪರೀಕ್ಷಿಸಿ, 150 ಬಣ್ಣಗಳು ಉತ್ಪರಿವರ್ತಕವೆಂದು ವರದಿ ಮಾಡಿದರು. ಆ ಪ್ರಬಂಧವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಾರೆ, ಆದರೆ ಪಿಪಿಡಿಯು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಉತ್ಕರ್ಷಣಗೊಂಡ ಮೇಲೆ ಅದರ ಪ್ರಭಾವ ಬಹಳ ಹೆಚ್ಚಿತೆಂಬ ಗಮನಿಕೆಯೂ ಅದರಲ್ಲೇ ಇದೆ. 1982ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ನಿಮ್ಮ ಗೊಂದಲಕ್ಕೆ ಇನ್ನೂ ನೇರವಾಗಿ ಸಂಬಂಧಿಸಿದೆ. ಅತಿಶುದ್ಧ ಪಿಪಿಡಿಯನ್ನು ಆಮ್ಲಜನಕ ತೆಗೆದ ನೀರಿನಲ್ಲಿ ಆಗತಾನೆ ಕರಗಿಸಿ ಹಾಕಿದಾಗ ಪರಿಣಾಮ ಕಾಣಲಿಲ್ಲ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದನ್ನು ಕೆಲವು ಗಂಟೆ ಹಾಗೇ ಬಿಟ್ಟು ಹಾಕಿದಾಗ ಕಂಡಿತು. ಎರಡು ಪ್ರಯೋಗಶಾಲೆಗಳ ವಿರೋಧಾಭಾಸವೆಂದು ನೀವು ನೋಡುತ್ತಿರುವುದು ಬಹುಶಃ ಬೆಳಗಿನ ದ್ರಾವಣಕ್ಕೂ ಮಧ್ಯಾಹ್ನದ ದ್ರಾವಣಕ್ಕೂ ಇರುವ ಅಂತರ.

ಆಮ್ಲಜನಕದ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಸುತ್ತಲಿನ ಆಮ್ಲಜನಕದ ಅಣುವಿನಲ್ಲಿ ಜೋಡಿಯಾಗದ ಎರಡು ಎಲೆಕ್ಟ್ರಾನ್‌ಗಳಿರುವುದರಿಂದ ಅದು ಸಾಮಾನ್ಯ ಸಾವಯವ ಅಣುಗಳೊಡನೆ ನೇರವಾಗಿ ವರ್ತಿಸಲು ಹಿಂದೇಟು ಹಾಕುತ್ತದೆ. ಇಲ್ಲದಿದ್ದರೆ ನಾವೆಲ್ಲ ಎಂದೋ ಉರಿದುಹೋಗುತ್ತಿದ್ದೆವು. ಆದರೆ ಬೆಳಕು, ತಾಮ್ರ ಅಥವಾ ಕಬ್ಬಿಣದ ಅಯಾನು, ಹಳೆಯ ಪೆರಾಕ್ಸೈಡಿನ ಶೇಷ ಇವುಗಳಲ್ಲಿ ಯಾವುದಾದರೊಂದು, ಒಂಟಿ ಎಲೆಕ್ಟ್ರಾನ್ ಹೊತ್ತ ಮೊದಲ ರ‍್ಯಾಡಿಕಲ್ ಅನ್ನು ಹುಟ್ಟಿಸಿದರೆ ಸಾಕು, ಈಥರ್ ಮತ್ತು ಆಲ್ಕೀನ್‌ಗಳಲ್ಲಿ ಸರಪಳಿ ಕ್ರಿಯೆ ಶುರುವಾಗುತ್ತದೆ. ರ‍್ಯಾಡಿಕಲ್ ಆಮ್ಲಜನಕವನ್ನು ಹಿಡಿದು ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ. ಅದು ಪಕ್ಕದ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಂಡು ಹೈಡ್ರೋಪೆರಾಕ್ಸೈಡ್ ಆಗುತ್ತದೆ, ಕಿತ್ತುಕೊಳ್ಳಲ್ಪಟ್ಟ ಅಣು ಹೊಸ ರ‍್ಯಾಡಿಕಲ್ ಆಗುತ್ತದೆ. ತಯಾರಕರು ಬೆರೆಸಿದ ಪ್ರತಿರೋಧಕ ಇರುವ ತನಕ ತಿಂಗಳುಗಟ್ಟಲೆ ಏನೂ ಆಗದಂತೆ ಕಂಡು, ಅದು ಖರ್ಚಾದ ನಂತರ ಕೆಲವೇ ದಿನಗಳಲ್ಲಿ ಕಲ್ಮಶ ಏರಿಬಿಡುವುದು ಈ ಕಾರಣಕ್ಕೆ. ಹಾಗಾಗಿ ಕಳೆದ ತಿಂಗಳು ಪರೀಕ್ಷಿಸಿದಾಗ ಶುದ್ಧವಾಗಿತ್ತು ಎಂಬ ಮಾತು ಈ ತಿಂಗಳಿಗೆ ಭರವಸೆಯಲ್ಲ.

ಬೆಂಕಿಕಡ್ಡಿ:

ಮೇಷ್ಟ್ರೇ, ವಿವರಣೆ ಚೆನ್ನಾಗಿದೆ, ಆದರೆ ನನ್ನಂಥ ಮೆಕ್ಯಾನಿಕಲ್ ಎಂಜಿನಿಯರನಿಗೆ ಇದು ಕೂದಲು ಸೀಳುವ ಚರ್ಚೆಯಂತೆ ಕಾಣುತ್ತದೆ. ಗಾಳಿ ಇಲ್ಲದ ಕಾರ್ಖಾನೆ ಎಲ್ಲಿದೆ? ವಸ್ತು ಗಾಳಿಯಲ್ಲಿ ಅಪಾಯಕಾರಿಯಾಗುವುದಾದರೆ ಅದನ್ನು ಅಪಾಯಕಾರಿ ಎಂದೇ ಬರೆದುಬಿಟ್ಟರಾಯಿತು. ತಪ್ಪು ಅದರದ್ದೋ ಅದರ ಕಲ್ಮಶದ್ದೋ ಎಂದು ವಿಚಾರಣೆ ನಡೆಸಿ ಕಾರ್ಮಿಕನಿಗೆ ಏನು ಸಿಗುತ್ತದೆ?

ಡೆನ್ವರ್_ಕನ್ನಡಿಗ:

ಬೆಂಕಿಕಡ್ಡಿಯವರ ಪ್ರಶ್ನೆಗೆ ಉತ್ತರ ನಾನಿರುವ ಊರಿನ ಪಕ್ಕದಲ್ಲೇ ಇದೆ. ನಾನು ಇಲ್ಲಿ ಅಂತರ್ಜಲ ಶುದ್ಧೀಕರಣದ ಕೆಲಸದಲ್ಲಿದ್ದೇನೆ. ಡೆನ್ವರ್‌ನ ಈಶಾನ್ಯಕ್ಕೆ ರಾಕಿ ಮೌಂಟನ್ ಆರ್ಸೆನಲ್ ಎಂಬ ಹಳೆಯ ಸೇನಾ ರಾಸಾಯನಿಕ ನೆಲೆಯಿದೆ. ಈಗ ಅದು ವನ್ಯಜೀವಿ ಧಾಮ, ಕಾಡೆಮ್ಮೆಗಳು ಮೇಯುತ್ತಿರುತ್ತವೆ. ಅಲ್ಲಿ 1961ರಿಂದ 1982ರವರೆಗೆ ಟೈಟಾನ್ ಕ್ಷಿಪಣಿಗಳಿಗೆ ಇಂಧನ ಬೆರೆಸುವ ಘಟಕವೊಂದಿತ್ತು. ಹೈಡ್ರಜೀನ್ ಮತ್ತು 1,1-ಡೈಮೀಥೈಲ್‌ಹೈಡ್ರಜೀನ್ ಎರಡನ್ನೂ ಸಮಸಮ ಬೆರೆಸಿದರೆ ಏರೋಜೀನ್-50 ಎಂಬ ಇಂಧನವಾಗುತ್ತದೆ. ಎರಡನೆಯದನ್ನು ಈ ಕ್ಷೇತ್ರದವರು ಯುಡಿಎಂಎಚ್ ಎನ್ನುತ್ತಾರೆ.

ಯುಡಿಎಂಎಚ್‌ನ ರಚನೆಯನ್ನು ಕಾಗದದ ಮೇಲೆ ಬರೆದು ನೋಡಿ. ಎರಡು ಮೀಥೈಲ್ ಗುಂಪು ಹೊತ್ತ ನೈಟ್ರೋಜನ್, ಅದಕ್ಕೆ ಅಂಟಿಕೊಂಡ ಇನ್ನೊಂದು ನೈಟ್ರೋಜನ್, ಅದರ ಮೇಲೆ ಎರಡು ಹೈಡ್ರೋಜನ್. ಆ ಎರಡು ಹೈಡ್ರೋಜನ್ ಹೋಗಿ ಒಂದು ಆಮ್ಲಜನಕ ಬಂದು ಕೂತರೆ ಸಿಗುವುದು ಎನ್-ನೈಟ್ರೋಸೋಡೈಮೀಥೈಲಮೀನ್, ಅಂದರೆ ಕಳೆದ ಕೆಲವು ವರ್ಷಗಳಲ್ಲಿ ಔಷಧಗಳ ಸುದ್ದಿಯಲ್ಲಿ ಎಲ್ಲರೂ ಕೇಳಿದ ಎನ್‌ಡಿಎಂಎ. ಇದು ಇಲಿಗಳಲ್ಲಿ ಯಕೃತ್ತಿನ ಗಡ್ಡೆ ಉಂಟುಮಾಡುತ್ತದೆಂದು ಮಗೀ ಮತ್ತು ಬಾರ್ನ್ಸ್ 1956ರಲ್ಲೇ ತೋರಿಸಿದ್ದರು. ದೇಹದಲ್ಲಿ ಯಕೃತ್ತಿನ ಕಿಣ್ವವೊಂದು ಇದನ್ನು ಒಡೆದಾಗ ಮೀಥೈಲ್ ಗುಂಪನ್ನು ಡಿಎನ್‌ಎಗೆ ಅಂಟಿಸುವ ಚುರುಕಾದ ತುಣುಕು ಹುಟ್ಟುತ್ತದೆ. ಗ್ವಾನಿನ್‌ನ ಆಮ್ಲಜನಕಕ್ಕೆ ಅದು ಅಂಟಿಕೊಂಡರೆ ಕೋಶವು ಪ್ರತಿ ತೆಗೆಯುವಾಗ ಗ್ವಾನಿನ್ ಇದ್ದಲ್ಲಿ ಅಡಿನಿನ್ ಎಂದು ತಪ್ಪು ಓದಿಕೊಳ್ಳುತ್ತದೆ.

ಗಾಳಿಯಲ್ಲಿ ಯುಡಿಎಂಎಚ್ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಅದರ ಹೆಚ್ಚಿನ ಪಾಲು ಫಾರ್ಮಾಲ್ಡಿಹೈಡ್‌ನ ಡೈಮೀಥೈಲ್‌ಹೈಡ್ರಜೋನ್ ಆಗುತ್ತದೆ, ಎನ್‌ಡಿಎಂಎ ಸಣ್ಣ ಪಾಲು. ಆದರೆ ಗಾಳಿಯಲ್ಲಿ ಓಝೋನ್ ಇದ್ದರೆ ಲೆಕ್ಕ ತಿರುಗಿ ಎನ್‌ಡಿಎಂಎಯೇ ಪ್ರಧಾನ ಉತ್ಪನ್ನವಾಗುತ್ತದೆ. ಯುಡಿಎಂಎಚ್ ಸ್ವತಃ ಬ್ಯಾಕ್ಟೀರಿಯಾ ಪರೀಕ್ಷೆಗಳಲ್ಲಿ ದುರ್ಬಲವಾದ, ಒಂದಕ್ಕೊಂದು ಹೊಂದದ ಫಲಿತಾಂಶ ಕೊಟ್ಟ ವಸ್ತು. ಅದರೊಳಗೆ ಹುಟ್ಟುವ ಎನ್‌ಡಿಎಂಎ ವಿಷಯದಲ್ಲಿ ಅಂಥ ಅನುಮಾನ ಉಳಿದಿಲ್ಲ.

ಮತ್ತೊಂದು ಸ್ವಾರಸ್ಯವಿದೆ. ಅಮೆರಿಕದಲ್ಲಿ ಮೊದಮೊದಲು ಯುಡಿಎಂಎಚ್ ತಯಾರಿಸುತ್ತಿದ್ದುದೇ ಎನ್‌ಡಿಎಂಎಯನ್ನು ಅಪಕರ್ಷಿಸಿ. 1975ರಲ್ಲಿ ಬಾಲ್ಟಿಮೋರ್‌ನ ಅಂಥ ಕಾರ್ಖಾನೆಯೊಂದರ ಸುತ್ತಲಿನ ಗಾಳಿಯಲ್ಲಿ ಎನ್‌ಡಿಎಂಎ ಪತ್ತೆಯಾಯಿತು, 1976ರಲ್ಲಿ ಆ ದೇಶದಲ್ಲಿ ಅದರ ವಾಣಿಜ್ಯ ತಯಾರಿಕೆ ನಿಂತಿತು. ಕ್ಲೋರಮೀನ್ ಮತ್ತು ಡೈಮೀಥೈಲಮೀನ್‌ನಿಂದ ಇಂಧನ ತಯಾರಿಸುವ ಬೇರೆ ದಾರಿಯೂ ಇತ್ತು, ಆದ್ದರಿಂದ ಪೀಡೆ ತೊಲಗಿತೆಂದು ಅಂದುಕೊಳ್ಳಬಹುದಿತ್ತು. ಆದರೂ ಎನ್‌ಡಿಎಂಎಯ ನೆರಳೇ ಇಲ್ಲದೆ ತಯಾರಾದ ಇಂಧನವೂ ತೊಟ್ಟಿಯಿಂದ ತೊಟ್ಟಿಗೆ ಸುರಿಯುವಾಗ, ಕೊಳವೆ ಬಿಚ್ಚುವಾಗ, ನೆಲಕ್ಕೆ ಚೆಲ್ಲಿದಾಗ ಗಾಳಿ ಕುಡಿದು ಅದನ್ನೇ ಮರಳಿ ಹಡೆಯುತ್ತದೆ. ಆರ್ಸೆನಲ್‌ನ ಘಟಕದ ಗಾಳಿಯಲ್ಲಿ ಕಾರ್ಮಿಕ ಸುರಕ್ಷತಾ ಇಲಾಖೆಗೆ ಎನ್‌ಡಿಎಂಎ ಸಿಕ್ಕಿತು, 1982ರಲ್ಲಿ ಘಟಕ ಮುಚ್ಚಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾರ್ಮಿಕನಿಗೆ ಏನು ಸಿಗುತ್ತದೆ ಎಂದಿರಿ. ಇಂಧನದ ಆವಿಯನ್ನು ಮಾತ್ರ ಅಳೆಯುವ ಉಪಕರಣವನ್ನು ಗೋಡೆಗೆ ತೂಗುಹಾಕಿದರೆ ಅದು ಎನ್‌ಡಿಎಂಎಯನ್ನು ತೋರಿಸುವುದಿಲ್ಲ. ಯುಡಿಎಂಎಚ್ 63 ಡಿಗ್ರಿ ಸುಮಾರಿಗೆ ಕುದಿಯುತ್ತದೆ, ಎನ್‌ಡಿಎಂಎ 150 ಡಿಗ್ರಿ ದಾಟಿದ ಮೇಲೆ. ಚೆಲ್ಲಿದ ಜಾಗದಿಂದ ಇಂಧನ ಬೇಗ ಆರಿಹೋಗಿ ವಾಸನೆಯೂ ಹೋಗುತ್ತದೆ, ಕಲ್ಮಶ ಹೆಚ್ಚು ಹೊತ್ತು ಉಳಿಯುತ್ತದೆ. ಏನನ್ನು ಹುಡುಕಬೇಕೆಂದು ಗೊತ್ತಿಲ್ಲದವನು ವಾಸನೆ ಹೋಯಿತೆಂದು ಮುಖಗವಸು ತೆಗೆಯುತ್ತಾನೆ.

ಮಾನಸಗಂಗೆ:

ಸರ್, ಬಹಳ ಧನ್ಯವಾದಗಳು. ಸೇಬಿನ ಬೆಳೆಗೆ ಸಿಂಪಡಿಸುತ್ತಿದ್ದ ಆಲಾರ್ ಎಂಬ ರಾಸಾಯನಿಕದ ಗಲಾಟೆಯಲ್ಲೂ ಯುಡಿಎಂಎಚ್ ಹೆಸರು ಓದಿದ ನೆನಪು. ಅದೂ ಇದೇ ಗುಂಪಿಗೆ ಸೇರುತ್ತದೆಯೇ?

ಸಾಧನಕೇರಿ:

ಸೇರುವುದಿಲ್ಲ. ಆಲಾರ್, ಅಂದರೆ ಡಾಮಿನೋಜೈಡ್, ಬೇಯಿಸುವಾಗ ನೀರಿನಿಂದ ಒಡೆದು ಯುಡಿಎಂಎಚ್ ಬಿಡುತ್ತದೆ. ಅದು ಜಲವಿಭಜನೆ, ಆಮ್ಲಜನಕದ ಪಾತ್ರವಿಲ್ಲ. ಅಮೆರಿಕದಲ್ಲಿ 1989ರಲ್ಲಿ ಆಹಾರ ಬೆಳೆಗಳಿಗೆ ಅದರ ಮಾರಾಟ ನಿಂತಿತು. ನಮ್ಮ ವಿಷಯಕ್ಕೆ ಅದು ಪಕ್ಕದ ಮನೆಯಷ್ಟೆ.

ನಂಜನಗೂಡು_ಕ್ಯೂಸಿ:

ನಾನು ಔಷಧ ಕಾರ್ಖಾನೆಯೊಂದರ ಗುಣನಿಯಂತ್ರಣ ವಿಭಾಗದಲ್ಲಿದ್ದೇನೆ. ಎನ್‌ಡಿಎಂಎ ಎಂದ ಕೂಡಲೇ ರಕ್ತದೊತ್ತಡದ ಔಷಧವಾದ ವಾಲ್ಸಾರ್ಟಾನ್‌ನ 2018ರ ಪ್ರಕರಣವನ್ನು ಯಾರಾದರೂ ಎತ್ತುತ್ತಾರೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ತಪ್ಪು ಗಾಳಿಯದ್ದಲ್ಲ. ಟೆಟ್ರಜೋಲ್ ಉಂಗುರ ಕಟ್ಟಲು ಬಳಸಿ ಉಳಿದ ಅಜೈಡನ್ನು ನಾಶಮಾಡಲು ಸೋಡಿಯಂ ನೈಟ್ರೈಟ್ ಹಾಕಿದಾಗ, ದ್ರಾವಕವಾದ ಡೈಮೀಥೈಲ್‌ಫಾರ್ಮಮೈಡ್‌ನಿಂದ ಬಂದ ಡೈಮೀಥೈಲಮೀನ್ ಜೊತೆ ಅದು ಸೇರಿ ಎನ್‌ಡಿಎಂಎ ಆಯಿತು. ಹೊಟ್ಟೆಯ ಆಮ್ಲ ತಗ್ಗಿಸುವ ರಾನಿಟಿಡಿನ್‌ನಲ್ಲಿ ಔಷಧದ ಅಣುವೇ ಶಾಖ ಮತ್ತು ತೇವಕ್ಕೆ ಕೆಡುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಮಾರುಕಟ್ಟೆಯಿಂದ ತೆಗೆಯುವಂತೆ ಕೋರಿತು. ಕಲ್ಮಶ ಒಂದೇ ಆದರೂ ಅದು ಹುಟ್ಟುವ ದಾರಿ ಬೇರೆ, ಹಾಗಾಗಿ ತಡೆಯುವ ದಾರಿಯೂ ಬೇರೆ. ನೈಟ್ರೋಸಮೀನ್, ಅಂದರೆ ಎನ್‌ಡಿಎಂಎ ಗುಂಪಿನ ವಸ್ತು, ಕಂಡಲ್ಲೆಲ್ಲ ನೈಟ್ರೈಟ್ ಹುಡುಕುವ ಅಭ್ಯಾಸ ನಮ್ಮವರಲ್ಲಿ ಎಷ್ಟು ಬೇರೂರಿದೆಯೆಂದರೆ, ಗಾಳಿಯ ದಾರಿ ಬಹಳ ಮಂದಿಗೆ ನೆನಪಿಗೇ ಬರುವುದಿಲ್ಲ.

ಆ ದಾರಿಗೆ ನನ್ನ ಉದಾಹರಣೆ ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್. ಈ ದೊಡ್ಡ ಕೆಂಪು ಅಣುವಿನ ಒಂದು ಬದಿಯಲ್ಲಿ 1-ಅಮಿನೋ-4-ಮೀಥೈಲ್‌ಪಿಪರಜೀನ್‌ನಿಂದ ಬಂದ ತುಂಡು ಇದೆ. ಡೆನ್ವರ್‌ನವರು ಹೇಳಿದ ರಚನೆಯನ್ನೇ ಇಲ್ಲೂ ನೋಡಬಹುದು. ನೈಟ್ರೋಜನ್‌ಗೆ ಅಂಟಿದ ಇನ್ನೊಂದು ನೈಟ್ರೋಜನ್, ಅದರ ಮೇಲೆ ಎರಡು ಹೈಡ್ರೋಜನ್. ಹೆಸರು ಅಮೀನಿನದಾದರೂ ಇದು ಹೈಡ್ರಜೀನ್ ಕುಟುಂಬದ ವಸ್ತು. ಉತ್ಕರ್ಷಣಗೊಂಡರೆ ಇದು 1-ಮೀಥೈಲ್-4-ನೈಟ್ರೋಸೋಪಿಪರಜೀನ್ ಆಗುತ್ತದೆ, ಎಂಎನ್‌ಪಿ ಎನ್ನುತ್ತಾರೆ. ಇದಕ್ಕೆ ನೈಟ್ರೈಟ್ ಬೇಕಾಗಿಲ್ಲ. 2020ರ ಆಗಸ್ಟ್‌ನಲ್ಲಿ ಎಫ್‌ಡಿಎ ರಿಫಾಂಪಿಸಿನ್‌ನಲ್ಲಿ ಎಂಎನ್‌ಪಿ ಸಿಕ್ಕಿದೆ ಎಂದು ಪ್ರಕಟಿಸಿತು. ಒಪ್ಪಬಹುದಾದ ಮಟ್ಟ 0.16 ಪಿಪಿಎಂ ಎಂದು ಲೆಕ್ಕಹಾಕಿದ್ದರೂ, ಔಷಧದ ಕೊರತೆಯಾದರೆ ಕ್ಷಯರೋಗಿಗಳಿಗೆ ಆಗುವ ಹಾನಿ ಅದಕ್ಕಿಂತ ದೊಡ್ಡದೆಂದು 5 ಪಿಪಿಎಂವರೆಗೆ ತಾತ್ಕಾಲಿಕವಾಗಿ ಬಿಟ್ಟಿತು. ಈ ನಿರ್ಧಾರ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟ ಕ್ಷಯದ ಚಿಕಿತ್ಸೆಯ ಅಪಾಯ ಕಣ್ಣೆದುರಿಗಿರುವಂಥದ್ದು.

ಇನ್ನೊಂದು ವಿಷಯ. ಮಾತ್ರೆಯಲ್ಲಿ ಔಷಧದ ಜೊತೆಗಿರುವ ಪೊವಿಡೋನ್, ಪಾಲಿಎಥಿಲೀನ್ ಗ್ಲೈಕಾಲ್, ಪಾಲಿಸಾರ್ಬೇಟ್ ಇವೆಲ್ಲ ಗಾಳಿಗೆ ಪೆರಾಕ್ಸೈಡ್ ಕಟ್ಟಿಕೊಳ್ಳುವ ವಸ್ತುಗಳು. ಪಾಲಿಎಥಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡನ್ನೂ ಬಿಡುತ್ತದೆ. ನಮ್ಮಲ್ಲಿ ಡ್ರಮ್ಮಿನ ಬಾಯಿ ತೆರೆದ ದಿನಾಂಕವನ್ನು ಮೊಹರಿನ ಪಕ್ಕದಲ್ಲೇ ಬರೆಯುವ ನಿಯಮವಿದೆ. ಹೊಸದಾಗಿ ಸೇರಿದ ಹುಡುಗರು ಅದನ್ನು ಕಾಟಾಚಾರ ಎಂದುಕೊಳ್ಳುತ್ತಾರೆ. ಅದೇ ಬ್ಯಾಚಿನ ತೆರೆಯದ ಡ್ರಮ್ಮನ್ನೂ ಅರ್ಧ ಖಾಲಿಯಾದ ಡ್ರಮ್ಮನ್ನೂ ಒಟ್ಟಿಗೆ ಅಳೆದು ತೋರಿಸಿದ ಮೇಲೆ ಮರುಪ್ರಶ್ನೆ ಬರುವುದಿಲ್ಲ.

ಅಡುಗೆಮನೆ_ಸುಮಾ:

ನಾನು ರಸಾಯನಶಾಸ್ತ್ರ ಓದಿದವಳಲ್ಲ, ಆದರೂ ಆಸಕ್ತಿಯಿಂದ ಓದುತ್ತಿದ್ದೇನೆ. ಬೋಂಡಾ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು ಎನ್ನುತ್ತಾರಲ್ಲ, ಅದೂ ಇದೇ ಕಾರಣಕ್ಕೇ?

ಸಾಧನಕೇರಿ:

ಬಹುಮಟ್ಟಿಗೆ ಅದೇ ಸರಪಳಿ ಕ್ರಿಯೆ ತಾಯಿ, ಶಾಖದಿಂದ ಅದು ಬಹಳ ಜೋರಾಗುತ್ತದೆ ಅಷ್ಟೆ. ಎಣ್ಣೆಯ ಅಪರ್ಯಾಪ್ತ ಕೊಬ್ಬಿನ ಆಮ್ಲಗಳು ಹೈಡ್ರೋಪೆರಾಕ್ಸೈಡ್ ಆಗಿ, ಅವು ಒಡೆದು 2,4-ಡೆಕಾಡೈಯೀನಾಲ್, ಮ್ಯಾಲೊನ್‌ಡೈಆಲ್ಡಿಹೈಡ್ ಮುಂತಾದ ಆಲ್ಡಿಹೈಡ್‌ಗಳಾಗುತ್ತವೆ. ಇವುಗಳಲ್ಲಿ ಕೆಲವು ಡಿಎನ್‌ಎಗೆ ಅಂಟಿಕೊಳ್ಳಬಲ್ಲವು. ಹೆಚ್ಚಿನ ಉಷ್ಣದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2ಎ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವಂಥವುಗಳ ಗುಂಪಿನಲ್ಲಿ, ಇಟ್ಟಿದೆ. ನಮ್ಮ ದೇಶದಲ್ಲಿ ಕರಿದ ಎಣ್ಣೆಯಲ್ಲಿ ಎಣ್ಣೆ ಕೆಟ್ಟಂತೆ ಹೆಚ್ಚುವ ಒಟ್ಟು ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು. ಎಣ್ಣೆ ಕಪ್ಪಾಗಿ, ನೊರೆಗಟ್ಟಿ, ಜಿಗುಟಾಗಿದ್ದರೆ ಬಿಸಾಡಿ.

ಬೆಂಕಿಕಡ್ಡಿ:

ಡೆನ್ವರ್‌ನವರ ಉತ್ತರ ಓದಿದೆ. ಅಳೆಯುವ ಉಪಕರಣದ ಮಾತನ್ನು ಒಪ್ಪುತ್ತೇನೆ. ಇಸ್ರೋದ ವಿಕಾಸ್ ಎಂಜಿನ್ನಿನಲ್ಲೂ ಇದೇ ಇಂಧನವಿದೆಯಲ್ಲವೇ? ಹಾಗಾದರೆ ಅಲ್ಲಿ ಹೇಗೆ ನಿಭಾಯಿಸುತ್ತಾರೆ? ಮತ್ತು ನನ್ನ ಮೂಲ ಆಕ್ಷೇಪದ ಅರ್ಧ ಇನ್ನೂ ಉಳಿದಿದೆ: ಕಲ್ಮಶ ಯಾವುದೆಂದು ಪತ್ತೆಹಚ್ಚಿದ ಮಾತ್ರಕ್ಕೆ ವಸ್ತುವನ್ನು ಉಳಿಸಿಕೊಂಡು ಅಪಾಯವನ್ನು ಮಾತ್ರ ಕಳೆದ ಒಂದು ಉದಾಹರಣೆ ಕೊಡಿ.

ಡೆನ್ವರ್_ಕನ್ನಡಿಗ:

ಹೌದು, ಪಿಎಸ್‌ಎಲ್‌ವಿಯ ಎರಡನೆಯ ಹಂತದಲ್ಲಿರುವ ವಿಕಾಸ್ ಎಂಜಿನ್ ಉರಿಸುವುದು ಯುಎಚ್25 ಎಂಬ ಮಿಶ್ರಣವನ್ನು. ಅದರಲ್ಲಿ ಶೇ. 75 ಯುಡಿಎಂಎಚ್, ಶೇ. 25 ಹೈಡ್ರಜೀನ್ ಹೈಡ್ರೇಟ್. ಈ ಇಂಧನಗಳನ್ನು ಬಳಸುವ ಕಡೆಗಳಲ್ಲೆಲ್ಲ ಟ್ಯಾಂಕಿನ ಖಾಲಿ ಭಾಗದಲ್ಲಿ ಗಾಳಿಯ ಬದಲು ನೈಟ್ರೋಜನ್ ತುಂಬಿಸಿಡುವುದೇ ಮುಖ್ಯ ಉಪಾಯ. ಮುಚ್ಚಿದ ವ್ಯವಸ್ಥೆಯಲ್ಲಿ ಆಮ್ಲಜನಕ ಇಲ್ಲದಿದ್ದರೆ ಈ ಕ್ರಿಯೆಯೂ ಇಲ್ಲ. ಕಷ್ಟ ಬರುವುದು ಇಂಧನ ಹೊರಗೆ ಬಿದ್ದಾಗ. ಕಜಾಕಿಸ್ತಾನದ ಬೈಕೊನೂರ್‌ನಿಂದ ಹಾರುತ್ತಿದ್ದ ಪ್ರೋಟಾನ್ ರಾಕೆಟ್‌ಗಳ ಇಂಧನವೂ ಯುಡಿಎಂಎಚ್, ರಷ್ಯನ್ನರು ಹೆಪ್ಟಿಲ್ ಎನ್ನುತ್ತಾರೆ. ರಾಕೆಟ್‌ನ ಹಂತಗಳು ಬೀಳುವ ಹುಲ್ಲುಗಾವಲಿನ ಮಣ್ಣಿನಲ್ಲಿ ಎನ್‌ಡಿಎಂಎ ಸೇರಿದಂತೆ ಹಲವು ಉತ್ಪನ್ನಗಳನ್ನು ಅಲ್ಲಿನ ವಿಜ್ಞಾನಿಗಳು ಗುರುತಿಸಿದ್ದಾರೆ. 2013ರ ಜುಲೈ 2ರಂದು ಪ್ರೋಟಾನ್ ಒಂದು ಉಡಾವಣೆಯಾದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿದ ದೃಶ್ಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಬೆಳಕಿದ್ದರೆ ಎನ್‌ಡಿಎಂಎ ಹಗಲಿನ ಗಾಳಿಯಲ್ಲಿ ನಿಮಿಷಗಳ ಲೆಕ್ಕದಲ್ಲಿ ಒಡೆದುಹೋಗುತ್ತದೆ. ಕತ್ತಲಿನ ಅಂತರ್ಜಲಕ್ಕೆ ಇಳಿದರೆ ವರ್ಷಗಟ್ಟಲೆ ಇರುತ್ತದೆ. ಇದ್ದಿಲಿಗೆ ಸರಿಯಾಗಿ ಅಂಟುವುದಿಲ್ಲ, ಗಾಳಿ ಊದಿ ನೀರಿನಿಂದ ಹೊರಹಾಕಲೂ ಆಗುವುದಿಲ್ಲ. ಆದ್ದರಿಂದ ನೀರನ್ನು ಮೇಲೆತ್ತಿ ನೇರಳಾತೀತ ದೀಪಗಳ ಮುಂದೆ ಹರಿಸುತ್ತೇವೆ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟ ಲೀಟರಿಗೆ 100 ನ್ಯಾನೋಗ್ರಾಂ, ಕ್ಯಾಲಿಫೋರ್ನಿಯಾದಲ್ಲಿ 10 ದಾಟಿದರೆ ವರದಿ ಮಾಡಬೇಕು. ಕ್ಲೋರಮೀನ್ ಹಾಕಿ ಶುದ್ಧೀಕರಿಸುವ ನೀರಿನಲ್ಲೂ ಡೈಮೀಥೈಲಮೀನ್ ಇದ್ದರೆ ಹೈಡ್ರಜೀನ್ ಬಗೆಯ ಮಧ್ಯವರ್ತಿ ಹುಟ್ಟಿ, ಕರಗಿದ ಆಮ್ಲಜನಕ ಅದನ್ನು ಎನ್‌ಡಿಎಂಎ ಮಾಡುತ್ತದೆ. ರಾಕೆಟ್ಟೇ ಇಲ್ಲದ ಊರಿನ ನಲ್ಲಿಯಲ್ಲೂ ಅದು ಸಿಗುವುದಕ್ಕೆ ಇದೊಂದು ಕಾರಣ.

ನಿಮ್ಮ ಉಳಿದರ್ಧ ಆಕ್ಷೇಪಕ್ಕೆ ಮೇಷ್ಟ್ರು ಉತ್ತರಿಸಲಿ.

ಸಾಧನಕೇರಿ:

ಬೆಂಕಿಕಡ್ಡಿಯವರು ಕೇಳಿದ ಉದಾಹರಣೆ ಪ್ರತಿ ಕಚೇರಿಯಲ್ಲೂ ಇದೆ. 1980ರಲ್ಲಿ ಕೆಲವು ಜೆರಾಕ್ಸ್ ಪ್ರತಿಗಳ ಮತ್ತು ಟೋನರ್‌ನ ಸಾರವು ಏಮ್ಸ್ ಪರೀಕ್ಷೆಯಲ್ಲಿ ಜೋರಾಗಿ ಉತ್ಪರಿವರ್ತಕವೆಂದು ಪ್ರಕಟವಾಯಿತು. ಟೋನರ್‌ನ ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್‌ನಿಂದ. ಆದರೆ ಇಂಗಾಲ ನಿರಪರಾಧಿ. ಅದರ ಮೇಲ್ಮೈಯನ್ನು ಉತ್ಕರ್ಷಿಸಲು ಬಳಸುತ್ತಿದ್ದ ಪ್ರಕ್ರಿಯೆಯಲ್ಲಿ, ಇಂಗಾಲದೊಳಗೆ ಅಂಟಿಕೊಂಡಿದ್ದ ಪೈರೀನ್ ಎಂಬ ಹೈಡ್ರೋಕಾರ್ಬನ್ ನೈಟ್ರೋಪೈರೀನ್ ಮತ್ತು ಡೈನೈಟ್ರೋಪೈರೀನ್‌ಗಳಾಗಿತ್ತು. ತಯಾರಕರು ಪ್ರಕ್ರಿಯೆಯನ್ನು ಬದಲಿಸಿದರು, ಆ ಕಲ್ಮಶ ಪಾತಾಳಕ್ಕಿಳಿಯಿತು, ಜೆರಾಕ್ಸ್ ಯಂತ್ರ ನಮ್ಮ ನಡುವೆ ಉಳಿಯಿತು. ಅಲ್ಲಿ ಉತ್ಕರ್ಷಕ ನೈಟ್ರಿಕ್ ಆಮ್ಲವೇ ಹೊರತು ಬರಿಯ ಗಾಳಿಯಲ್ಲ ಎಂದು ಯಾರಾದರೂ ತಿದ್ದುವ ಮೊದಲು ನಾನೇ ಹೇಳಿಬಿಡುತ್ತೇನೆ. ಕಲುಷಿತ ಗಾಳಿ ಇಂಥದ್ದೇ ಕೆಲಸ ಮಾಡುತ್ತದೆಂದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಪಿಟ್ಸ್ ಮತ್ತು ಸಂಗಡಿಗರು 1978ರಲ್ಲಿ ತೋರಿಸಿದ್ದರು. ಬೆಂಜೋಪೈರೀನ್ ಏಮ್ಸ್ ಪರೀಕ್ಷೆಯಲ್ಲಿ ಎಸ್9 ಇಲ್ಲದೆ ಏನೂ ಮಾಡದು. ಅದನ್ನು ಹೊಗೆಮಂಜಿನಲ್ಲಿರುವಂಥ ನೈಟ್ರೋಜನ್ ಡೈಆಕ್ಸೈಡ್ ಮತ್ತು ಲೇಶ ನೈಟ್ರಿಕ್ ಆಮ್ಲಕ್ಕೆ ಒಡ್ಡಿದಾಗ ಎಸ್9 ಇಲ್ಲದೆಯೇ ಕಾಲೊನಿ ಎಬ್ಬಿಸುವ ನೈಟ್ರೋ ಸಂಯುಕ್ತಗಳಾದವು.

ಬರಿಯ ಗಾಳಿಯ ಉದಾಹರಣೆಯೇ ಬೇಕೆಂದರೆ 1,3-ಡೈಕ್ಲೋರೋಪ್ರೊಪೀನ್ ಇದೆ. ಬೇರಿನ ನೆಮಟೋಡ್ ಹುಳುಗಳ ವಿರುದ್ಧ ಮಣ್ಣಿಗೆ ಹಾಕುವ ಧೂಮಕ ಇದು. ಮಾರಾಟದ ಸರಕು ಏಮ್ಸ್ ಪರೀಕ್ಷೆಯಲ್ಲಿ ಉತ್ಪರಿವರ್ತಕವಾಗಿ ಕಂಡಿತು. 1980ರ ದಶಕದಲ್ಲಿ ಅದನ್ನು ಸಿಲಿಕಾ ಜೆಲ್‌ನಲ್ಲಿ ಹಾಯಿಸಿ ಧ್ರುವೀಯ ಕಲ್ಮಶ ತೆಗೆದಾಗ ಎಸ್9 ಇಲ್ಲದ ತಟ್ಟೆಯಲ್ಲಿ ಆ ಗುಣ ಕಾಣಲಿಲ್ಲ. ದ್ವಿಬಂಧಕ್ಕೆ ಗಾಳಿಯ ಆಮ್ಲಜನಕ ಸೇರಿ ಎಪಾಕ್ಸೈಡ್‌ಗಳಾಗುತ್ತವೆಂದು ಮುಂದಿನ ಅಧ್ಯಯನ ತೋರಿಸಿತು. ಇದರಿಂದ ಆ ಧೂಮಕಕ್ಕೆ ನಿರ್ದೋಷಿ ಎಂಬ ಪ್ರಮಾಣಪತ್ರ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ದೇಹದ ಕಿಣ್ವಗಳೂ ಎಪಾಕ್ಸೈಡ್ ಮಾಡಬಲ್ಲವು.

ಮಾನಸಗಂಗೆಯವರೇ, ಇಂಥ ಕಲ್ಮಶವನ್ನು ಪತ್ತೆಹಚ್ಚುವ ದಾರಿ ಇನ್ನು ಹೇಳುತ್ತೇನೆ. ಮೊದಲು ಗಾತ್ರದ ಅಂದಾಜು ಇರಲಿ. ಏಮ್ಸ್ ಪರೀಕ್ಷೆಯಲ್ಲಿ ತಟ್ಟೆಗೆ ಗರಿಷ್ಠ 5 ಮಿಲಿಗ್ರಾಂ ಹಾಕುತ್ತೇವೆ. ಕಲ್ಮಶ ಶೇ. 0.1 ಇದ್ದರೆ ತಟ್ಟೆಗೆ ಬೀಳುವುದು 5 ಮೈಕ್ರೋಗ್ರಾಂ. ಡೈನೈಟ್ರೋಪೈರೀನ್‌ನಂಥವು ನ್ಯಾನೋಗ್ರಾಂ ಲೆಕ್ಕದಲ್ಲೇ ನೂರಾರು ಕಾಲೊನಿ ಎಬ್ಬಿಸುತ್ತವೆ. ಶೇ. 99.9 ಶುದ್ಧ ಎಂಬ ಲೇಬಲ್‌ನೊಳಗೆ ಇಡೀ ಫಲಿತಾಂಶವನ್ನು ಹೊತ್ತು ನಿಲ್ಲುವಷ್ಟು ಕಲ್ಮಶಕ್ಕೆ ಜಾಗವಿದೆ.

ಮಾದರಿಯನ್ನು ನೈಟ್ರೋಜನ್ ಅಡಿಯಲ್ಲಿ ಮರುಹರಳುಗಟ್ಟಿಸಿ ಅಥವಾ ಬಟ್ಟಿಯಿಳಿಸಿ ಎರಡು ಪಾಲು ಮಾಡಿಕೊಳ್ಳಿ. ಒಂದನ್ನು ಮುಚ್ಚಿಡಿ, ಇನ್ನೊಂದನ್ನು ಬೇಕೆಂದೇ ಗಾಳಿ ಬೆಳಕಿಗೆ ಬಿಟ್ಟು ಹಳತು ಮಾಡಿ, ಎರಡನ್ನೂ ಒಂದೇ ದಿನ ಒಂದೇ ಬ್ಯಾಕ್ಟೀರಿಯಾ ಕೃಷಿಯ ಮೇಲೆ ಪರೀಕ್ಷಿಸಿ. ವ್ಯತ್ಯಾಸ ಕಂಡರೆ ಹಳೆಯ ಪಾಲನ್ನು ಎಚ್‌ಪಿಎಲ್‌ಸಿಯಲ್ಲಿ ಭಾಗ ಭಾಗವಾಗಿ ಬೇರ್ಪಡಿಸಿ, ಪ್ರತಿ ಭಾಗವನ್ನೂ ತಟ್ಟೆಗೆ ಹಾಕಿ, ಕಾಲೊನಿ ಏಳುವ ಭಾಗದಲ್ಲಿ ಯಾವ ಅಣುವಿದೆಯೆಂದು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡಿ. ಅಲ್ಲಿಗೇ ನಿಲ್ಲಿಸುವವರು ಬಹಳ. ಆ ಅಣುವನ್ನು ಬೇರೆಯಾಗಿ ತಯಾರಿಸಿ, ಹಳೆಯ ಮಾದರಿಯಲ್ಲಿದ್ದಷ್ಟೇ ಪ್ರಮಾಣದಲ್ಲಿ ಶುದ್ಧ ಪಾಲಿಗೆ ಬೆರೆಸಿ, ಕಾಲೊನಿಗಳ ಸಂಖ್ಯೆ ಹೊಂದುತ್ತದೆಯೇ ಎಂದು ನೋಡುವ ತನಕ ಆರೋಪ ಸಾಬೀತಾಗುವುದಿಲ್ಲ. ಅರ್ಧ ಮಾತ್ರ ಹೊಂದಿದರೆ ಇನ್ನೊಂದು ಕಲ್ಮಶವಿದೆ, ಇಲ್ಲವೇ ಮೂಲ ವಸ್ತುವಿನದ್ದೂ ಪಾಲಿದೆ.

ನಂಜನಗೂಡು_ಕ್ಯೂಸಿ:

ಸರ್ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಪೊಟ್ಯಾಸಿಯಂ ಅಯೊಡೈಡ್ ಪಟ್ಟಿ ಅದ್ದಿ, ಬಣ್ಣ ಬರಲಿಲ್ಲವೆಂದು ಮಾದರಿ ಕೆಟ್ಟಿಲ್ಲ ಎಂದು ಬರೆದುಕೊಳ್ಳುವವರನ್ನು ಕಂಡಿದ್ದೇನೆ. ಆ ಪಟ್ಟಿ ತೋರಿಸುವುದು ಪೆರಾಕ್ಸೈಡನ್ನು ಮಾತ್ರ. ಎಪಾಕ್ಸೈಡ್, ನೈಟ್ರೋಸಮೀನ್, ಪಿಪಿಡಿಯ ಮೂರು ಅಣುಗಳ ಸಂಯುಕ್ತ ಇವು ಯಾವುವೂ ಅದರ ಕಣ್ಣಿಗೆ ಬೀಳವು. ಪೆರಾಕ್ಸೈಡ್ ಬಹಳ ಸಲ ನಡುವಿನ ಹಂತ, ತೀರಾ ಹಳೆಯ ಮಾದರಿಯಲ್ಲಿ ಅದು ಒಡೆದುಹೋಗಿ ಪಟ್ಟಿ ಬಿಳಿಯಾಗಿಯೇ ಉಳಿಯಬಹುದು. ಪೆರಾಕ್ಸೈಡ್ ಇದೆಯೆಂಬ ಅನುಮಾನವಿದ್ದರೆ ಟಿಎ98 ಮತ್ತು ಟಿಎ100 ಜೊತೆಗೆ, ಉತ್ಕರ್ಷಕ ಹಾನಿಗೆ ಸ್ಪಂದಿಸುವ ಟಿಎ102 ತಳಿಯನ್ನೂ ಇಡಿ. ನೈಟ್ರೋಸಮೀನ್ ಅನುಮಾನವಿದ್ದರೆ ಇಲಿಯ ಎಸ್9 ಜೊತೆಗೆ ಹ್ಯಾಮ್‌ಸ್ಟರ್‌ನ ಎಸ್9 ಕೂಡ ಬೇಕು, ತಟ್ಟೆಗೆ ಸುರಿಯುವ ಮುನ್ನ ಸ್ವಲ್ಪ ಹೊತ್ತು ಒಟ್ಟಿಗೆ ಇಡಬೇಕು. ಇಲ್ಲದಿದ್ದರೆ ಎನ್‌ಡಿಎಂಎಯಂಥದ್ದೇ ಕೈತಪ್ಪಿ ಹೋಗುತ್ತದೆ.

ಮಾನಸಗಂಗೆ:

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು ಸಂದೇಹ. ಡಿಎಂಎಸ್‌ಒನಲ್ಲಿ ಪಿಪಿಡಿ ಕರಗಿಸಿ, ಸಣ್ಣ ಸಣ್ಣ ಪಾಲು ಮಾಡಿ ಫ್ರೀಜರಿನಲ್ಲಿಟ್ಟರೆ ವಾರಪೂರ್ತಿ ಬಳಸಬಹುದೇ? ನಮ್ಮ ಲ್ಯಾಬಿನಲ್ಲಿ ಬಹುತೇಕ ಎಲ್ಲ ವಸ್ತುಗಳಿಗೂ ಅದೇ ರೂಢಿ.

ನಂಜನಗೂಡು_ಕ್ಯೂಸಿ:

ಬೇಡ ಮೇಡಂ. ಡಿಎಂಎಸ್‌ಒನಲ್ಲಿ ಕರಗಿರುವ ಗಾಳಿ ದ್ರಾವಣದ ಜೊತೆಯೇ ಫ್ರೀಜರಿಗೆ ಹೋಗುತ್ತದೆ. ಪ್ರತಿ ಸಲ ಕರಗಿಸಿ ಮುಚ್ಚಳ ತೆರೆದಾಗ ಹೊಸ ಗಾಳಿಯೂ ತೇವವೂ ಸೇರುತ್ತವೆ. ದ್ರಾವಕದೊಳಗೆ ಆರ್ಗಾನ್ ಗುಳ್ಳೆ ಹಾಯಿಸಿ, ಕಂದು ವಯಲ್‌ನಲ್ಲಿ ಆಗತಾನೆ ತೂಗಿದ ಹರಳಿಗೆ ಸಿರಿಂಜಿನಿಂದ ಹಾಕಿ, ಅದೇ ಗಂಟೆಯಲ್ಲಿ ತಟ್ಟೆಗೆ ಹಾಕಿಬಿಡಿ. ಕರಗಿಸಿದ ಸಮಯ ಮತ್ತು ತಟ್ಟೆಗೆ ಹಾಕಿದ ಸಮಯ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಸಾಧನಕೇರಿ:

ನೀವು ಓದುತ್ತಿರುವ ಹಳೆಯ ಪ್ರಬಂಧಗಳಿಗೂ ಅದೇ ಎರಡು ಸಮಯಗಳನ್ನು ಹುಡುಕಿ. ದ್ರಾವಕ ಯಾವುದು, ಮಾದರಿಯನ್ನು ಶುದ್ಧೀಕರಿಸಿದರೇ, ಕರಗಿಸಿ ಎಷ್ಟು ಹೊತ್ತಿನ ಮೇಲೆ ಹಾಕಿದರು ಎಂದು ವಿಧಾನದ ಭಾಗದಲ್ಲಿ ಬರೆದಿರುವ ಪ್ರಬಂಧಗಳನ್ನು ಒಂದು ಕೋಷ್ಟಕಕ್ಕೆ ಹಾಕಿ, ಬರೆಯದವನ್ನು ಇನ್ನೊಂದಕ್ಕೆ ಹಾಕಿ. ಮೊದಲ ಕೋಷ್ಟಕದೊಳಗೂ ವಿರೋಧ ಉಳಿದರೆ ಇಲ್ಲಿಗೆ ಬನ್ನಿ, ಆಗ ಎಸ್9 ತಯಾರಿಕೆಯ ವ್ಯತ್ಯಾಸದ ಬಗ್ಗೆ ಮಾತಾಡೋಣ.